ರೈಲಿನಲ್ಲಿ ಬಾರ್ ಉಂಟಾ? ಕಬಕ ಪುತ್ತೂರಿನಲ್ಲಿ ಹುಟ್ಟಿದ ಒಂದು ಪ್ರಶ್ನೆ

ಇವತ್ತಿನ ಸಂಚಿಕೆ ಹುಟ್ಟಿದ್ದು ಕಬಕ ಪುತ್ತೂರು ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ. ಗಲ್ಫಿನಿಂದ ರಜೆಗೆ ಬಂದಿದ್ದ ನನ್ನ ಸೋದರಮಾವನ ಜೊತೆ ಹಗಲು ಗಾಡಿಯಲ್ಲಿ ಬೆಂಗಳೂರಿಗೆ ಹೊರಟಿದ್ದೆ. ಗಾಜಿನ ಮಾಡಿನ ವಿಸ್ಟಾಡೋಮ್ ಬೋಗಿಗೆ ಟಿಕೆಟ್ ಮಾಡಿಸಿದ್ದು ನಾನೇ. ಅದರಲ್ಲಿ ಕೊನೆಗೆ ಒಂದು ಲೌಂಜ್ ಉಂಟು, ನಿಂತು ಘಟ್ಟ ನೋಡಬಹುದು ಅಂತ ಮಾವನಿಗೆ ಆಸೆ ಹುಟ್ಟಿಸಿದ್ದೆ. ಮಾವ ಒಂದು ನಿಮಿಷ ಸುಮ್ಮನಿದ್ದು, ಆಚೆ ಈಚೆ ನೋಡಿ, ಮೆಲ್ಲ ಕೇಳಿದರು: "ಲೌಂಜ್ ಅಂದ್ರೆ ಎಂತ ಮಾರಾಯ, ಬಾರ್ ಉಂಟಾ ಅದರಲ್ಲಿ?"

ನಾನು ನಕ್ಕುಬಿಟ್ಟೆ. "ಇಲ್ಲ ಮಾವ, ಚಾ ಸಿಗಬಹುದು ನಿಮಗೆ" ಅಂದೆ. ಆಮೇಲೆ ಆ ಪ್ರಶ್ನೆ ತಲೆಯಿಂದ ಹೋಗಲೇ ಇಲ್ಲ. ನಮ್ಮ ದೇಶದ ರೈಲಿನಲ್ಲಿ ಬಾರ್ ಇತ್ತಾ? ಈಗ ಉಂಟಾ? ಇದ್ದರೆ ಯಾರಿಗೆ? ಹುಡುಕುತ್ತಾ ಹೋದ ಹಾಗೆ ಗೊತ್ತಾದದ್ದು ಏನಂದರೆ, ಇದು ಕುಡಿಯುವ ಕಥೆಗಿಂತ ಜಾಸ್ತಿ ಕೂರುವ ಕಥೆ. ಓಡುವ ಗಾಡಿಯಲ್ಲಿ ಯಾರು ಯಾರ ಪಕ್ಕ ಕೂರಬಹುದು ಅನ್ನುವ ಕಥೆ.

ಹೊರಗಿನವರಿಗೆ ಮೊದಲು ಸ್ಟೇಷನ್ನಿನ ಹೆಸರು ಹೇಳಿಬಿಡ್ತೇನೆ, ಇಲ್ಲದಿದ್ದರೆ ಗೊಂದಲ ಆಗ್ತದೆ. ಕಬಕ ಅಂದರೆ ಮಾಣಿಯಿಂದ ಪುತ್ತೂರಿಗೆ ಬರುವ ದಾರಿಯಲ್ಲಿ, ವಿಟ್ಲದ ರಸ್ತೆ ಸೇರುವಲ್ಲಿ ಇರುವ ನಮ್ಮ ಊರು. ಸ್ಟೇಷನ್ ಇರುವುದು ಪುತ್ತೂರಿನಲ್ಲಿ. ಆದರೆ ಆಂಧ್ರದಲ್ಲಿ ರೇಣಿಗುಂಟದ ಹತ್ತಿರ ಇನ್ನೊಂದು ಪುತ್ತೂರು ಸ್ಟೇಷನ್ ಉಂಟು. ಎರಡೂ ಬೆರೆತು ಹೋಗಬಾರದು ಅಂತ ನಮ್ಮ ಪುತ್ತೂರಿನ ಮುಂದೆ ಕಬಕ ಸೇರಿಕೊಂಡಿದೆ. ಹಾಗಾಗಿ ರೈಲ್ವೆ ಟೈಮ್‌ಟೇಬಲ್ಲಿನಲ್ಲಿ ನಮ್ಮ ಊರಿಗೆ ಪುಕ್ಕಟೆ ಪ್ರಚಾರ.

ಈಗ ಸ್ವಲ್ಪ ದೂರ ಹೋಗೋಣ, ಅಮೆರಿಕಕ್ಕೆ. ಯಾಕಂದರೆ ಬಾರ್ ಬೋಗಿ, ಲೌಂಜ್ ಬೋಗಿ ಬೆಳೆದದ್ದು ಅಲ್ಲಿ.

ಮೊದಮೊದಲು ರೈಲಿನಲ್ಲಿ ಊಟದ ಏರ್ಪಾಡೇ ಇರಲಿಲ್ಲ. ಗಾಡಿ ಒಂದು ಸ್ಟೇಷನ್ನಿನಲ್ಲಿ ಹತ್ತಿಪ್ಪತ್ತು ನಿಮಿಷ ನಿಲ್ತದೆ, ಜನ ಇಳಿದು ಓಡ್ತಾರೆ, ಬಾಯಿಗೆ ಸಿಕ್ಕಿದ್ದನ್ನು ತುರುಕಿಕೊಂಡು ವಾಪಸು ಓಡ್ತಾರೆ. 1868ರಲ್ಲಿ ಜಾರ್ಜ್ ಪುಲ್‌ಮನ್ ಎಂಬ ಉದ್ಯಮಿ ಊಟಕ್ಕೇ ಮೀಸಲಾದ ಬೋಗಿ ಮಾಡಿದ. ನ್ಯೂಯಾರ್ಕಿನ ಹೆಸರಾಂತ ಹೋಟೆಲಿನ ಹೆಸರನ್ನೇ ಅದಕ್ಕೆ ಇಟ್ಟ, ಡೆಲ್‌ಮೊನಿಕೊ ಅಂತ. 1887ರಲ್ಲಿ ಅವನದೇ ಕಂಪನಿ ಬೋಗಿಯಿಂದ ಬೋಗಿಗೆ ನಡೆದು ಹೋಗಲಿಕ್ಕೆ ಮುಚ್ಚಿದ ದಾರಿ ತಂದಿತು. ನಾವು ಇವತ್ತು ವೆಸ್ಟಿಬ್ಯೂಲ್ ಅಂತೇವಲ್ಲ, ಅದು. ಇದು ಸಣ್ಣ ವಿಷಯ ಅಲ್ಲ. ನಡೆಯಲಿಕ್ಕೆ ದಾರಿ ಆದ ಮೇಲೆ ಗಾಡಿಯೊಳಗೆ ಒಂದು ಪೇಟೆಯ ಹಾಗೆ ಆಯಿತು. ಮಲಗುವುದು ಒಂದು ಕಡೆ, ಉಣ್ಣುವುದು ಒಂದು ಕಡೆ, ಸೋಫಾದಲ್ಲಿ ಕೂತು ಗ್ಲಾಸ್ ಹಿಡಿದು ಪಟ್ಟಾಂಗ ಹೊಡೆಯುವುದು ಇನ್ನೊಂದು ಕಡೆ.

ಆದರೆ ಆ ಸೋಫಾದಲ್ಲಿ ಕೂರಲಿಕ್ಕೆ ಎಲ್ಲರಿಗೂ ಬಿಡ್ತಿರಲಿಲ್ಲ. ಪುಲ್‌ಮನ್ ಬೋಗಿಗಳಲ್ಲಿ ಸೇವೆಗೆ ನಿಂತವರು ಹೆಚ್ಚಾಗಿ ಕಪ್ಪು ಜನಾಂಗದ ಗಂಡಸರು. ಶುರುವಿನಲ್ಲಿ ಸೇರಿದವರಲ್ಲಿ ಗುಲಾಮಗಿರಿಯಿಂದ ಆಗಷ್ಟೇ ಬಿಡುಗಡೆ ಆದವರು ತುಂಬಾ ಇದ್ದರು. ಪ್ರಯಾಣಿಕರು ಅವರ ಹೆಸರು ಕೇಳ್ತಿರಲಿಲ್ಲ. ಯಜಮಾನನ ಹೆಸರಿಂದ ಎಲ್ಲರನ್ನೂ "ಜಾರ್ಜ್" ಅಂತಲೇ ಕರೀತಿದ್ದರು. 1925ರಲ್ಲಿ ಎ. ಫಿಲಿಪ್ ರ‍್ಯಾಂಡಾಲ್ಫ್ ಅವರ ನಾಯಕತ್ವದಲ್ಲಿ ಈ ಪೋರ್ಟರ್‌ಗಳು ಯೂನಿಯನ್ ಕಟ್ಟಿದರು. ಕಂಪನಿ ಒಪ್ಪಂದಕ್ಕೆ ಸಹಿ ಹಾಕಲಿಕ್ಕೆ 1937 ಬರಬೇಕಾಯಿತು.

ಸೇವೆ ಮಾಡುವವರ ಕಥೆ ಇದಾದರೆ, ಟಿಕೆಟ್ ತೆಗೆದವರ ಕಥೆಯೂ ಉಂಟು. 1942ರಲ್ಲಿ ಎಲ್ಮರ್ ಹೆಂಡರ್ಸನ್ ಎಂಬ ಕಪ್ಪು ಜನಾಂಗದ ಸರಕಾರಿ ನೌಕರ ದಕ್ಷಿಣ ಅಮೆರಿಕದ ರಾಜ್ಯಗಳ ಕಡೆ, ಅಂದರೆ ಅಮೆರಿಕ ದೇಶದ ದಕ್ಷಿಣ ಭಾಗದ ಕಡೆ, ರೈಲಿನಲ್ಲಿ ಹೊರಟಿದ್ದರು. ಊಟದ ಬೋಗಿಯಲ್ಲಿ ಅವರಂಥವರಿಗೆ ಅಂತ ಎರಡು ಮೇಜು, ಅದಕ್ಕೊಂದು ಪರದೆ. ಅವರು ಹೋದಾಗ ಆ ಮೇಜಿನಲ್ಲೂ ಬಿಳಿಯರು ಕೂತಿದ್ದರು. ಕುರ್ಚಿ ಖಾಲಿ ಇದ್ದರೂ ಅವರಿಗೆ ಕೊಡಲಿಲ್ಲ. ಅವರು ಕೇಸು ಹಾಕಿದರು. 1950ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಒಂದು ಊಟದ ಪರದೆ ತೆಗೆಸಲಿಕ್ಕೆ ಎಂಟು ವರ್ಷ.

"ಛೆ, ಎಂಥಾ ಜನ" ಅಂತ ಹೇಳುವ ಮೊದಲು ನಮ್ಮ ಕಡೆ ನೋಡೋಣ.

ಬ್ರಿಟಿಷರ ಕಾಲದಲ್ಲಿ ಇಲ್ಲಿಯ ರೈಲಿನ ಊಟ-ಉಪಚಾರ ಖಾಸಗಿ ಕಂಪನಿಗಳ ಕೈಯಲ್ಲಿತ್ತು. ಉತ್ತರದಲ್ಲಿ ಕೆಲ್ನರ್, ಮುಂಬೈ ಕಡೆ ಬ್ರ್ಯಾಂಡನ್, ನಮ್ಮ ದಕ್ಷಿಣದಲ್ಲಿ ಮದರಾಸಿನ ಸ್ಪೆನ್ಸರ್ಸ್. ದೊಡ್ಡ ಸ್ಟೇಷನ್ನುಗಳಲ್ಲಿ ಇವರ ರಿಫ್ರೆಶ್‌ಮೆಂಟ್ ರೂಮುಗಳಿದ್ದವು. ವಿಸ್ಕಿ, ಸೋಡಾ, ಬಿಯರ್ ಎಲ್ಲ ಅಲ್ಲಿ ಸಿಗುತ್ತಿತ್ತು. ಕೆಲವು ಮೇಲ್ ಗಾಡಿಗಳಿಗೆ ಊಟದ ಬೋಗಿಯೂ ಇತ್ತು. ಆದರೆ ನಮ್ಮ ಬೋಗಿಗಳ ನಡುವೆ ದಾರಿ ಇರಲಿಲ್ಲ. ಊಟ ಬೇಕಾದರೆ ಒಂದು ಸ್ಟೇಷನ್ನಿನಲ್ಲಿ ಇಳಿದು, ಪ್ಲಾಟ್‌ಫಾರ್ಮಿನಲ್ಲಿ ನಡೆದು ಆ ಬೋಗಿಗೆ ಹತ್ತಬೇಕು. ಉಂಡು ಮುಗಿಸಿ ಮುಂದಿನ ಸ್ಟೇಷನ್ ಬರುವ ತನಕ ಅಲ್ಲೇ ಕೂರಬೇಕು. ಥರ್ಡ್ ಕ್ಲಾಸಿನವರಿಗೆ ಅದು ಕಿಟಕಿಯಿಂದ ಕಾಣುವ ಬೇರೆ ಲೋಕ.

ಅವರಿಗೆ ಇದ್ದದ್ದು ಸ್ಟೇಷನ್ನಿನ ನೀರು, ಚಾ, ಬುತ್ತಿ. ಆ ನೀರಿನಲ್ಲೂ ಹಿಂದೂಗಳದ್ದು ಬೇರೆ, ಮುಸ್ಲಿಮರದ್ದು ಬೇರೆ. ಊಟದ ಕೋಣೆಗಳೂ ಹಾಗೆ. ಅಷ್ಟಕ್ಕೇ ನಿಲ್ಲಲಿಲ್ಲ. ಸೌತ್ ಇಂಡಿಯನ್ ರೈಲ್ವೆಯ ಸ್ಟೇಷನ್ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಒಂದು ಜಾಗ, ಉಳಿದವರಿಗೆ ಇನ್ನೊಂದು. ಪೆರಿಯಾರ್ ಮತ್ತು ಜಸ್ಟಿಸ್ ಪಾರ್ಟಿಯವರು ಹೋರಾಡಿದ ಮೇಲೆ 1941ರಲ್ಲಿ ರೈಲ್ವೆ ಈ ಪದ್ಧತಿ ನಿಲ್ಲಿಸಿತು. ಇದು ಎಲ್ಲಿಯದ್ದೋ ರೈಲ್ವೆ ಅಂದುಕೊಳ್ಳಬೇಡಿ. 1907ರಲ್ಲಿ ಮಂಗಳೂರಿಗೆ ರೈಲು ಬಂತಲ್ಲ, ಆಮೇಲೆ ಆ ಲೈನನ್ನು ನಡೆಸಿದ್ದು ಇದೇ ಸೌತ್ ಇಂಡಿಯನ್ ರೈಲ್ವೆ. ಪುತ್ತೂರು, ಸುಳ್ಯದ ಕಡೆಯವರು ಮದರಾಸಿಗೆ ಹೋಗಬೇಕಾದರೆ ಮಂಗಳೂರಿಗೆ ಹೋಗಿ ಹತ್ತುತ್ತಿದ್ದದ್ದು ಅದೇ ಗಾಡಿಗೆ. ಹೆಂಡರ್ಸನ್ ಅವರನ್ನು ಪರದೆಯ ಹತ್ತಿರ ನಿಲ್ಲಿಸಿದ್ದಕ್ಕೂ ಇದಕ್ಕೂ ನಡುವೆ ಇರುವುದು ಒಂದೇ ವರ್ಷ.

ಈಗ ಮದ್ಯದ ವಿಷಯಕ್ಕೆ ಬರ್ತೇನೆ. ನಮ್ಮ ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ರಾಜಾಜಿ ಸರಕಾರ 1937ರಲ್ಲಿ ಸೇಲಂ ಜಿಲ್ಲೆಯಿಂದ ಪಾನನಿಷೇಧ ಶುರು ಮಾಡಿತು. 1948ರ ಹೊತ್ತಿಗೆ ಅದು ಇಡೀ ಪ್ರಾಂತ್ಯಕ್ಕೆ ಬಂತು. ಅಂದರೆ ನಮ್ಮ ಪುತ್ತೂರು ತಾಲೂಕಿಗೂ ಬಂತು. ಕಳ್ಳು ತೆಗೆದು ಬದುಕುತ್ತಿದ್ದ ಮನೆಗಳಿಗೆ, ಮುಖ್ಯವಾಗಿ ಬಿಲ್ಲವರಿಗೆ, ಇದು ಹೊಟ್ಟೆಯ ಪ್ರಶ್ನೆ. ಆಗ ಘಟ್ಟದ ಮೇಲೆ ಹಾಸನ ಮೈಸೂರು ರಾಜ್ಯ. ಬೇರೆ ಸರಕಾರ, ಬೇರೆ ಕಾನೂನು. ಆ ಕಾಲದಲ್ಲಿ ನಮ್ಮ ಘಟ್ಟದಲ್ಲಿ ರೈಲು ಓಡಿದ್ದರೆ, ಅದರಲ್ಲಿ ಬಾರ್ ಇದ್ದಿದ್ದರೆ, ಗಡಿ ದಾಟುವಾಗ ಬಾಟಲಿ ಮುಚ್ಚಬೇಕಾಗುತ್ತಿತ್ತಾ?

ಇದು ಬರೀ ತಮಾಷೆಯ ಪ್ರಶ್ನೆ ಅಲ್ಲ. ಅಮೆರಿಕದಲ್ಲಿ ನಿಜವಾಗಿ ನಡೆದಿದೆ. ಕಾನ್ಸಾಸ್ ರಾಜ್ಯದಲ್ಲಿ ಆಗ ಗ್ಲಾಸ್ ಲೆಕ್ಕದಲ್ಲಿ ಮದ್ಯ ಮಾರುವುದು ಕಾನೂನಿಗೆ ವಿರುದ್ಧವಾಗಿತ್ತು. ಅಮ್‌ಟ್ರಾಕ್ ಎಂಬ ರಾಷ್ಟ್ರೀಯ ರೈಲು ಆ ರಾಜ್ಯ ದಾಟುವಾಗಲೂ ಬಾರ್ ತೆರೆದಿರುತ್ತಿತ್ತು. 1972ರಲ್ಲಿ ಅಲ್ಲಿಯ ಅಟಾರ್ನಿ ಜನರಲ್ ವರ್ನ್ ಮಿಲ್ಲರ್ ಗಾಡಿಗೆ ದಾಳಿ ಮಾಡಿಸಿ ಸಿಬ್ಬಂದಿಯನ್ನು ಹಿಡಿಸಿದರು. ಕೇಸು ಸುಪ್ರೀಂ ಕೋರ್ಟ್ ತನಕ ಹೋಯಿತು. 1973ರಲ್ಲಿ ಗೆದ್ದದ್ದು ರಾಜ್ಯವೇ. ಆಕಾಶದಲ್ಲಿ ಕಾನ್ಸಾಸ್ ಮೇಲೆ ಹಾರುವ ವಿಮಾನದವರೂ ಅಷ್ಟು ಹೊತ್ತು ಮದ್ಯ ಕೊಡಬಾರದು ಅಂತ ಮಿಲ್ಲರ್ ಪಟ್ಟು ಹಿಡಿದಿದ್ದರಂತೆ! ನಮ್ಮ ಸಂವಿಧಾನದಲ್ಲೂ ಮದ್ಯ ರಾಜ್ಯಗಳ ಪಟ್ಟಿಯಲ್ಲಿದೆ, ರೈಲು ಕೇಂದ್ರದ ಪಟ್ಟಿಯಲ್ಲಿದೆ. ಹತ್ತಾರು ರಾಜ್ಯ ದಾಟುವ ಗಾಡಿಯಲ್ಲಿ ಬಾರ್ ಇಡುವುದು ಎಷ್ಟು ತಲೆನೋವು ಅಂತ ನೀವೇ ಲೆಕ್ಕ ಹಾಕಿ.

ಸ್ವಾತಂತ್ರ್ಯ ಬಂದ ಮೇಲೆ ರೈಲ್ವೆ 1955ರಿಂದ ತಾನೇ ಅಡುಗೆಗೆ ಇಳಿಯಿತು. ಕ್ರಮೇಣ ಊಟದ ಬೋಗಿ ಹೋಗಿ ಪ್ಯಾಂಟ್ರಿ ಕಾರ್ ಬಂತು. ಎರಡಕ್ಕೂ ವ್ಯತ್ಯಾಸ ಉಂಟು. ಊಟದ ಬೋಗಿಗೆ ನಾವು ಹೋಗಬೇಕು, ಗುರುತಿಲ್ಲದವರ ಎದುರು ಕೂತು ಉಣ್ಣಬೇಕು. ಪ್ಯಾಂಟ್ರಿಯಲ್ಲಿ ಬರೀ ಅಡುಗೆ. ಊಟ ನಮ್ಮ ಬರ್ತ್ ಹುಡುಕಿಕೊಂಡು ಬರ್ತದೆ. ಯಾರು ಯಾರ ಜೊತೆ ಕೂರಬೇಕು ಅನ್ನುವ ಪ್ರಶ್ನೆಯೇ ಇಲ್ಲ. ಮುಂಬೈ-ಪುಣೆ ನಡುವಿನ ಡೆಕ್ಕನ್ ಕ್ವೀನ್ ಒಂದು ಅಪರೂಪ. 1930ರ ಜೂನ್ 1ಕ್ಕೆ ಶುರುವಾದ ಆ ಗಾಡಿಯಲ್ಲಿ ಮೇಜು-ಕುರ್ಚಿಯ ಊಟದ ಬೋಗಿ ಇವತ್ತಿಗೂ ಉಂಟು.

ಮದ್ಯಕ್ಕೆ ಕಾನೂನೇ ಅಡ್ಡ ಬಂತು. 1989ರ ರೈಲ್ವೆ ಕಾಯ್ದೆಯ 145ನೇ ಕಲಂ ಪ್ರಕಾರ ರೈಲಿನಲ್ಲಿ ಅಥವಾ ರೈಲ್ವೆ ಜಾಗದಲ್ಲಿ ಅಮಲಿನಲ್ಲಿದ್ದರೆ ಇಳಿಸಬಹುದು, ಟಿಕೆಟ್ ಹೋಗ್ತದೆ, ಆರು ತಿಂಗಳ ತನಕ ಜೈಲೂ ಆಗಬಹುದು. ಒಳ್ಳೆಯದೇ. ರಾತ್ರಿ ಗಾಡಿಯಲ್ಲಿ ಒಬ್ಬಳೇ ಹೋಗುವ ನನ್ನ ತಂಗಿಯನ್ನು ಕೇಳಿದರೆ ಈ ಕಲಂ ಇನ್ನೂ ಗಟ್ಟಿ ಇರಬೇಕು ಅಂತಾಳೆ.

ನಾನು ಬಿ.ಕಾಂ. ಓದಿದವನು, ಲೆಕ್ಕ ನೋಡದೆ ಇರಲಿಕ್ಕೆ ಆಗುವುದಿಲ್ಲ. ಹಳೆ ಮಾದರಿಯ ಸ್ಲೀಪರ್ ಬೋಗಿಯಲ್ಲಿ 72 ಬರ್ತ್. ಅದನ್ನು ತೆಗೆದು ಲೌಂಜ್ ಬೋಗಿ ಹಾಕಿದರೆ 72 ಟಿಕೆಟಿನ ಹಣ ಹೋಯಿತು. ಎಂಜಿನ್ ಎಳೆಯುವ ಭಾರ ಅಷ್ಟೇ. ಮಾರಿದ ಚಾದಿಂದ ಆ ನಷ್ಟ ತುಂಬುವುದಿಲ್ಲ. ನ್ಯೂಯಾರ್ಕಿನಿಂದ ನ್ಯೂಹೇವನ್ ಕಡೆಗೆ ದಿನಾ ಕೆಲಸಕ್ಕೆ ಓಡಾಡುವವರ ಗಾಡಿಯಲ್ಲಿ ಬಾರ್ ಬೋಗಿ ಇತ್ತು. ಶ್ರೀಮಂತರ ಪ್ರವಾಸಿ ಗಾಡಿ ಅಲ್ಲ ಅದು, ಸೀಸನ್ ಪಾಸಿನವರ ಗಾಡಿ. ಅದೂ 2014ರ ಮೇ ತಿಂಗಳಲ್ಲಿ ನಿಂತಿತು. ಹಳೆ ಬೋಗಿ ಸವೆದುಹೋಗಿತ್ತು, ಹೊಸ ಬೋಗಿ ಬರುವಾಗ ಸೀಟಿಗೇ ಜಾಗ ಬೇಕಾಯಿತು.

ಹಾಗಾದರೆ ನಮ್ಮಲ್ಲಿ ಬಾರ್ ಬೋಗಿ ಇಲ್ಲವೇ ಇಲ್ಲವಾ? ಉಂಟು. 1982ರ ಜನವರಿ 26ಕ್ಕೆ ಶುರುವಾದ ಪ್ಯಾಲೇಸ್ ಆನ್ ವೀಲ್ಸ್ ಇಂಥ ಗಾಡಿಗಳ ದಾರಿ ತೆರೆಯಿತು. 2010ರಲ್ಲಿ ಬಂದ ಮಹಾರಾಜಾಸ್ ಎಕ್ಸ್‌ಪ್ರೆಸ್‌ನಲ್ಲಿ ಸಫಾರಿ ಬಾರ್ ಅಂತಲೇ ಇದೆ. ಕರ್ನಾಟಕಕ್ಕೂ ತನ್ನದೇ ಒಂದು ಉಂಟು: ಗೋಲ್ಡನ್ ಚಾರಿಯಟ್, ಸುವರ್ಣ ರಥ. ಹಂಪಿಯ ಕಲ್ಲಿನ ರಥದ ಹೆಸರು. ಕರ್ನಾಟಕ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ ರೈಲ್ವೆ ಜೊತೆ ಸೇರಿ ತಂದ ಗಾಡಿ. ಅದರ ಲೌಂಜ್ ಬಾರ್‌ನ ಹೆಸರು "ಮದಿರಾ". ಮಾವನ ಪ್ರಶ್ನೆಗೆ ಉತ್ತರ ಅಲ್ಲಿ ಸಿಕ್ಕಿತು.

ಈಗ ಎರಡು ತಾರೀಕು ಹೇಳ್ತೇನೆ, ಸ್ವಲ್ಪ ಗಮನ ಇಟ್ಟು ಕೇಳಿ.

ನಮ್ಮ ಹಾಸನ-ಮಂಗಳೂರು ಮೀಟರ್ ಗೇಜ್ ಲೈನು ಪೂರ್ತಿ ಆದದ್ದು 1979ರಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕ ಸುಮಾರು 55 ಕಿಲೋಮೀಟರಿನ ಘಟ್ಟ. 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ, 50 ಮೀಟರ್ ಮುಂದೆ ಹೋದರೆ 1 ಮೀಟರ್ ಏರು. 1996ರಲ್ಲಿ ಬ್ರಾಡ್ ಗೇಜ್ ಮಾಡಲಿಕ್ಕೆ ಅಂತ ಅದನ್ನು ಮುಚ್ಚಿದರು. 2006ರಲ್ಲಿ ಗೂಡ್ಸ್ ಓಡಿತು. ಜನ ಕೂರುವ ಗಾಡಿ ಮತ್ತೆ ಘಟ್ಟ ಹತ್ತಿದ್ದು 2007ರ ಡಿಸೆಂಬರಿನಲ್ಲಿ. ಅಂದರೆ ಹನ್ನೊಂದು ವರ್ಷ ಕಬಕ ಪುತ್ತೂರಿನಿಂದ ಬೆಂಗಳೂರಿಗೆ ರೈಲು ಇರಲಿಲ್ಲ. ಶಿರಾಡಿ ಘಾಟಿಯಲ್ಲಿ ರಾತ್ರಿ ಬಸ್ಸು, ವಾಂತಿ, ಮಳೆಗಾಲದಲ್ಲಿ ಗುಂಡಿ. ನನ್ನ ತಲೆಮಾರಿನ ಬಾಲ್ಯ ಪೂರ್ತಿ ಅದೇ.

ಗೋಲ್ಡನ್ ಚಾರಿಯಟ್‌ಗೆ ರಾಷ್ಟ್ರಪತಿ ಪ್ರತಿಭಾ ಪಾಟೀಲ್ ಚಾಲನೆ ಕೊಟ್ಟದ್ದು 2008ರ ಜನವರಿ 23ಕ್ಕೆ. ಎರಡರ ನಡುವೆ ಎರಡು ತಿಂಗಳೂ ಇಲ್ಲ. ಹನ್ನೊಂದು ವರ್ಷ ಕಾದವರಿಗೆ ಸಾದಾ ಗಾಡಿ ಸಿಕ್ಕಿದ ಹೊತ್ತಿಗೇ ಅದೇ ರಾಜ್ಯದಲ್ಲಿ ಮದಿರಾ ಬಾರ್, ಆರೋಗ್ಯ ಹೆಸರಿನ ಜಿಮ್-ಸ್ಪಾ ಇರುವ ನೇರಳೆ ಬಣ್ಣದ ಗಾಡಿ ಹಳಿಗೆ ಇಳಿಯಿತು.

ಅದರ ಲೆಕ್ಕವೂ ನೋಡಿ. ಶುರುವಿನಲ್ಲಿ ಮಲಗುವ ಬೋಗಿ 11, ಒಂದೊಂದರಲ್ಲಿ 4 ಕೋಣೆ, ಒಟ್ಟು 44. ಕೋಣೆಗೆ ಇಬ್ಬರು ಅಂದರೆ ಬೋಗಿಗೆ 8 ಜನ. ಸ್ಲೀಪರಿನಲ್ಲಿ 72. ಆ 11 ಬೋಗಿಗಳಿಗೆ ಕದಂಬ, ಗಂಗ, ಹೊಯ್ಸಳ, ರಾಷ್ಟ್ರಕೂಟ, ಬಹಮನಿ ಅಂತ ರಾಜವಂಶಗಳ ಹೆಸರು. ತುಳುನಾಡನ್ನು ನೂರಾರು ವರ್ಷ ಆಳಿದ ಆಳುಪರ ಹೆಸರು ಅದರಲ್ಲಿಲ್ಲ. ದಾರಿಯೂ ಹಾಗೆ. ಪ್ರವಾಸದ ಪಟ್ಟಿಯಲ್ಲಿ ಹಂಪಿ ಉಂಟು, ಗೋವಾ ಉಂಟು, ಇನ್ನೊಂದು ಪ್ರವಾಸದಲ್ಲಿ ಕೊಚ್ಚಿ ಉಂಟು. ನಮ್ಮ ಕರಾವಳಿ ಇಲ್ಲ. ಮದಿರಾ ಕಬಕದಲ್ಲಿ ನಿಲ್ಲುವ ಪ್ರಶ್ನೆಯೇ ಬರಲಿಲ್ಲ.

ಗಾಡಿ ನಷ್ಟದಲ್ಲಿ ನಡೆಯಿತು. ಹಳಿಯ ಮೇಲೆ ಓಡಿಸಲಿಕ್ಕೆ ರೈಲ್ವೆಗೆ ಕಟ್ಟುವ ಹಣವೇ ದೊಡ್ಡದು. 2018ರಲ್ಲಿ ಅದು ನಿಂತಿತು. 2019ರ ನವೆಂಬರಿನಲ್ಲಿ ನಡೆಸುವ ಜವಾಬ್ದಾರಿ ಐಆರ್‌ಸಿಟಿಸಿಗೆ ಹೋಯಿತು. ಕೊರೊನಾ ಬಂದು ಮತ್ತೆ ಅಡ್ಡಿ. 2024ರ ಡಿಸೆಂಬರಿನಲ್ಲಿ ಹೊಸದಾಗಿ ಹೊರಟಿತು. ಐದು ರಾತ್ರಿಯ ಪ್ರವಾಸಕ್ಕೆ ತಲೆಗೆ ಸುಮಾರು 4 ಲಕ್ಷ ರೂಪಾಯಿ. ಹೊರದೇಶದವರು ಬಂದು ಖರ್ಚು ಮಾಡಿದರೆ ಊರಿಗೆ ಒಳ್ಳೆಯದೇ, ಅದಕ್ಕೆ ನನ್ನ ತಕರಾರು ಇಲ್ಲ. ಆದರೆ ನಷ್ಟ ಆದ ವರ್ಷಗಳಲ್ಲಿ ಅದನ್ನು ಹೊತ್ತದ್ದು ಸರಕಾರಿ ನಿಗಮ. ಸರಕಾರಿ ನಿಗಮ ಅಂದರೆ ನಾವು. ಆ ಬಾರಿನ ಸೋಫಾದಲ್ಲಿ ಕೂರದವರೂ ಅದರ ಬಿಲ್ಲಿನಲ್ಲಿ ಪಾಲು ಕೊಟ್ಟಿದ್ದಾರೆ.

ಇನ್ನು ನಮ್ಮ ಹಗಲು ಗಾಡಿ. 2021ರ ಜುಲೈ 11ರಿಂದ ಯಶವಂತಪುರ-ಮಂಗಳೂರು ಹಗಲು ಗಾಡಿಗಳಿಗೆ ವಿಸ್ಟಾಡೋಮ್ ಬೋಗಿ ಬಂತು. ಒಂದು ಬೋಗಿಯಲ್ಲಿ 44 ಸೀಟು, ಪೂರ್ತಿ ತಿರುಗಿಸಬಹುದು, ಮೇಲೆ ಗಾಜು. ಕೊನೆಯಲ್ಲಿ ದೊಡ್ಡ ಕಿಟಕಿಯ ಲೌಂಜ್. ಟಿಕೆಟ್ ಸಾವಿರ ದಾಟ್ತದೆ, ಅದೇ ಗಾಡಿಯ ಜನರಲ್ ಟಿಕೆಟಿನ ಹಲವು ಪಟ್ಟು.

ಸುಬ್ರಹ್ಮಣ್ಯ ರೋಡ್ ದಾಟಿ ಗಾಡಿ ಘಟ್ಟ ಹತ್ತಲು ಶುರು ಮಾಡಿದಾಗ ಸೀಟಿನಲ್ಲಿ ಯಾರೂ ಉಳಿಯಲಿಲ್ಲ. ಎಲ್ಲ ಲೌಂಜಿಗೆ. ಕುಕ್ಕೆಗೆ ಹರಕೆ ತೀರಿಸಲು ಬಂದಿದ್ದ ಬೆಂಗಳೂರಿನ ಒಂದು ಸಂಸಾರ, ಕಾಲೇಜು ಹುಡುಗರು, ಒಬ್ಬರು ಅಜ್ಜಿ, ನಾನು, ಮಾವ. ಸುರಂಗ ಬಂದಾಗಲೆಲ್ಲ ಮಕ್ಕಳು ಕೂಗಿದವು, ಎರಡು ಸುರಂಗ ಆದ ಮೇಲೆ ಮಾವನೂ ಕೂಗಿದರು. ಅಜ್ಜಿಯ ಡಬ್ಬಿಯಿಂದ ಚಕ್ಕುಲಿ ಬಂತು, ನಮ್ಮ ಚೀಲದಿಂದ ಹಲಸಿನ ಹಪ್ಪಳ ಹೋಯಿತು. ಯಾರೂ ಯಾರ ಜಾತಿ, ಊರು ಕೇಳಲಿಲ್ಲ. ಮಾವ ಆ ಅಜ್ಜಿಗೆ ಗಲ್ಫಿನ ಬಿಸಿಲಿನ ಬಗ್ಗೆ ಅರ್ಧ ಗಂಟೆ ಹೇಳಿದರು. ಒಂದು ತೊಟ್ಟು ಮದ್ಯ ಇಲ್ಲದೆ ಒಂದು ಲೌಂಜ್ ಹೇಗಿರಬೇಕೋ ಹಾಗೇ ಇತ್ತು.

ಆಗ ಟಾಯ್ಲೆಟ್ ಹತ್ತಿರದ ಬಾಗಿಲಲ್ಲಿ ಒಬ್ಬ ಹುಡುಗ ನಿಂತು ಇಣುಕುತ್ತಿದ್ದ. ಹತ್ತು ವರ್ಷ ಇರಬಹುದು. ಪಕ್ಕದ ಬೋಗಿಯಿಂದ ಬಂದಿದ್ದ. ಹಿಂದಿನಿಂದ ಅವನ ಅಪ್ಪ ಬಂದು, "ಬಾ ಮಗ, ಇದು ನಮ್ಮ ಟಿಕೆಟಿಗೆ ಇಲ್ಲ" ಅಂತ ಕೈ ಹಿಡಿದು ಕರಕೊಂಡು ಹೋದರು. ಯಾರೂ ಅವನನ್ನು ಬೈಯಲಿಲ್ಲ, ಓಡಿಸಲಿಲ್ಲ. ಪರದೆ ಎಲ್ಲಿ ಉಂಟು ಅಂತ ಅಪ್ಪನಿಗೆ ಗೊತ್ತಿತ್ತು, ಅಷ್ಟೇ.

ಜಾತಿಯ ಪರದೆಗೂ ಟಿಕೆಟಿನ ಪರದೆಗೂ ವ್ಯತ್ಯಾಸ ಇಲ್ಲ ಅಂತ ನಾನು ಹೇಳುವುದಿಲ್ಲ. ಖಂಡಿತ ಉಂಟು. ಟಿಕೆಟನ್ನು ದುಡ್ಡು ಕೂಡಿಸಿ ತೆಗೆಯಬಹುದು, ಜಾತಿಯನ್ನು ಆಗುವುದಿಲ್ಲ. ನಾನೂ ಆ ಟಿಕೆಟ್ ತೆಗೆದೇ ಒಳಗೆ ನಿಂತಿದ್ದೆ. ಆದರೆ ನಮ್ಮ ರೈಲಿನಲ್ಲಿ ಒಂದೂವರೆ ಶತಮಾನದಲ್ಲಿ ಏನೆಲ್ಲ ಬಂತು, ಎಲ್ಲ ಟಿಕೆಟಿನವರೂ ಹೋಗಿ ಹತ್ತು ನಿಮಿಷ ಕೂರಬಹುದಾದ ಒಂದು ಬೋಗಿ ಮಾತ್ರ ನಮ್ಮ ಲೈನಿಗೆ ಬರಲಿಲ್ಲ. ಬಾರ್ ಬೇಡ, ಖಂಡಿತ ಬೇಡ. ಡೆಕ್ಕನ್ ಕ್ವೀನಿನ ಹಾಗೆ ನಾಲ್ಕು ಮೇಜು, ಚಾ, ನೀರುದೋಸೆ, ದೊಡ್ಡ ಕಿಟಕಿ ಸಾಕು. 57 ಸುರಂಗ ಇರುವ ಘಟ್ಟ ಇರುವುದು ನಮ್ಮಲ್ಲಿ. ಅದನ್ನು ಹತ್ತುವ ಗಾಡಿಯಲ್ಲಿ ಅಂಥದ್ದೊಂದು ಬೋಗಿ ಕೇಳುವುದು ದುರಾಸೆ ಅಂತ ನನಗೆ ಅನಿಸುವುದಿಲ್ಲ. ಲೆಕ್ಕದಲ್ಲಿ ಅದು ನಷ್ಟವೇ ಆಗಬಹುದು, ಒಪ್ತೇನೆ. ಮದಿರಾಕ್ಕೆ ಆದ ನಷ್ಟವನ್ನು ತಡೆದುಕೊಂಡವರು ನಾವೇ ಅಲ್ವಾ?

ಸಕಲೇಶಪುರದಲ್ಲಿ ಗಾಡಿ ನಿಂತಾಗ ಮಾವನಿಗೆ ಕರ್ನಾಟಕದ್ದೇ ಒಂದು ಗಾಡಿಯಲ್ಲಿ ಬಾರ್ ಉಂಟು, ಟಿಕೆಟ್ 4 ಲಕ್ಷ ಅಂತ ಫೋನಿನಲ್ಲಿ ತೋರಿಸಿದೆ. ಕನ್ನಡಕ ಸರಿ ಮಾಡಿಕೊಂಡು ಓದಿದರು. "4 ಲಕ್ಷ ಕೊಟ್ಟು ಕುಡಿದ್ರೆ ಅಮಲು ಏರುದಿಲ್ಲ, ಇಳೀತದೆ" ಅಂದರು. ಆಮೇಲೆ ಕಿಟಕಿಯ ಹೊರಗೆ ಕೈ ತೋರಿಸಿ, "ಹೋಗಿ ಎರಡು ಚಾ ತಾ" ಅಂದರು.

ಇವತ್ತಿಗೆ ಇಷ್ಟೇ. ನಿಮ್ಮ ಮನೆಯಲ್ಲಿ ಮೀಟರ್ ಗೇಜ್ ಕಾಲದಲ್ಲಿ ಘಟ್ಟ ಹತ್ತಿದವರು ಇದ್ದರೆ ಅವರ ಹತ್ತಿರ ಕೂತು ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ ನನಗೂ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗುವ. ನಮಸ್ಕಾರ.